ಕೊನೆಯಲ್ಲಿ ಬಂದ ಮೊದಲಿಗ

1959ರ ಜುಲೈ 21. ಅಮೆರಿಕದ ಶಿಕಾಗೊ ನಗರದ ಕಾಮಿಸ್ಕಿ ಪಾರ್ಕ್ ಮೈದಾನದಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಮತ್ತು ಶಿಕಾಗೊ ವೈಟ್ ಸಾಕ್ಸ್ ತಂಡಗಳ ನಡುವೆ ಬೇಸ್‌ಬಾಲ್ ಪಂದ್ಯ ನಡೆಯುತ್ತಿದೆ. ಎಂಟನೇ ಇನಿಂಗ್ಸ್. ಬಾಸ್ಟನ್ ತಂಡದ ವಿಕ್ ವರ್ಟ್ಸ್ ಎಂಬ ಹಳೆಯ ಆಟಗಾರ ಚೆಂಡು ಹೊಡೆದು ಬೇಸ್ ತಲುಪಿದ್ದಾನೆ. ಆತನ ಕಾಲುಗಳಲ್ಲಿ ಮೊದಲಿನ ಕಸುವಿಲ್ಲ. ಅವನ ಬದಲಿಗೆ ಓಡಲು ತಂಡದ ಮ್ಯಾನೇಜರ್ ಬೆಂಚಿನಲ್ಲಿ ಕುಳಿತಿದ್ದ ಇಪ್ಪತ್ತೈದರ ಯುವಕನೊಬ್ಬನನ್ನು ಕರೆಯುತ್ತಾನೆ. ಯುವಕ ಎದ್ದು ಬಂದು ಬೇಸಿನ ಮೇಲೆ ನಿಲ್ಲುತ್ತಾನೆ. ಪಂದ್ಯವನ್ನು ಬಾಸ್ಟನ್ 2-1ರಿಂದ ಸೋಲುತ್ತದೆ.

ಇಷ್ಟೇ ನಡೆದದ್ದು. ಆ ಯುವಕ ಅಂದು ಬ್ಯಾಟನ್ನು ಕೈಯಲ್ಲಿ ಹಿಡಿಯಲೂ ಇಲ್ಲ. ಆದರೂ ಅಮೆರಿಕದ ಆಟದ ಚರಿತ್ರೆಯಲ್ಲಿ ಆ ದಿನ ದಾಖಲಾಯಿತು. ಏಕೆಂದರೆ ಆತನ ಮೈಬಣ್ಣ ಕಪ್ಪು. ಅಂದಿನ ಮೇಜರ್ ಲೀಗಿನಲ್ಲಿದ್ದ ಹದಿನಾರು ತಂಡಗಳ ಪೈಕಿ ಹದಿನೈದು ತಂಡಗಳು ಅಷ್ಟರಲ್ಲಾಗಲೇ ಕರಿಯ ಆಟಗಾರರಿಗೆ ಬಾಗಿಲು ತೆರೆದಿದ್ದವು. ಮುಚ್ಚಿದ್ದ ಕಟ್ಟಕಡೆಯ ಬಾಗಿಲು ಬಾಸ್ಟನ್ನಿನದು. ಆ ಬಾಗಿಲನ್ನು ದಾಟಿದವನ ಹೆಸರು ಎಲೈಜಾ ಜೆರ್ರಿ ಗ್ರೀನ್. ತಾಯಿ ಮುದ್ದಿನಿಂದ ಇಟ್ಟ ಹೆಸರು ಪಂಪ್ಸಿ. ಜಗತ್ತು ಅವನನ್ನು ಪಂಪ್ಸಿ ಗ್ರೀನ್ ಎಂದೇ ಕರೆಯಿತು.

ಜಾಕಿ ರಾಬಿನ್ಸನ್ ಹೆಸರನ್ನು ನಮ್ಮಲ್ಲಿಯೂ ಕೆಲವರು ಕೇಳಿರುತ್ತಾರೆ. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರವಾಗಿ ಆಡಿ ಬೇಸ್‌ಬಾಲಿನ ವರ್ಣಗೋಡೆಯನ್ನು ಒಡೆದ ಮಹಾನ್ ಆಟಗಾರ ಆತ. ಅವನ ಬಗ್ಗೆ ಪುಸ್ತಕಗಳಿವೆ, ಸಿನಿಮಾಗಳಿವೆ. ಅವನು ತೊಟ್ಟಿದ್ದ 42ನೆಯ ಸಂಖ್ಯೆಯ ಅಂಗಿಯನ್ನು ಇನ್ನು ಯಾವ ತಂಡವೂ ಹೊಸಬರಿಗೆ ಕೊಡಬಾರದೆಂದು 1997ರಲ್ಲಿ ತೀರ್ಮಾನವಾಯಿತು. ಆದರೆ ಈ ಲೇಖನ ಮೊದಲು ಬಂದವನ ಕುರಿತಾದುದಲ್ಲ, ಕೊನೆಯಲ್ಲಿ ಬಂದವನ ಕುರಿತಾದುದು. ಕೊನೆಯಲ್ಲಿ ಬಂದವನೂ ತನ್ನ ಊರಿಗೆ ಮೊದಲಿಗನೇ ಆಗಿದ್ದ ಎಂಬುದು ಅವನ ಬದುಕಿನ ಕಷ್ಟವೂ ಹೌದು, ಕಥೆಯೂ ಹೌದು.

ಕಾರೀಗರನ ಆಟ

ಬೇಸ್‌ಬಾಲ್ ನಮ್ಮವರು ಆಡುವ ಆಟವಲ್ಲವಾದ್ದರಿಂದ ಎರಡು ಮಾತು ಹೇಳಬೇಕು. ಮೈದಾನದ ಒಂದು ಮೂಲೆಯಲ್ಲಿ ಬ್ಯಾಟು ಹಿಡಿದವನು ನಿಲ್ಲುತ್ತಾನೆ. ಅವನ ಮುಂದೆ ನಾಲ್ಕು ಮೂಲೆಗಳ ಒಂದು ಚೌಕ. ಪ್ರತಿ ಮೂಲೆಯೂ ಒಂದು ಬೇಸ್. ಚೆಂಡು ಹೊಡೆದು, ಒಂದೊಂದೇ ಮೂಲೆ ಮುಟ್ಟುತ್ತ, ಸುತ್ತು ಹಾಕಿ ಹೊರಟಲ್ಲಿಗೇ ಬಂದರೆ ಒಂದು ರನ್. ಈ ಚೌಕದ ಅಂಚಿನಲ್ಲಿ ಕಾವಲು ನಿಲ್ಲುವ ನಾಲ್ವರನ್ನು ಇನ್‌ಫೀಲ್ಡರ್‌ಗಳೆನ್ನುತ್ತಾರೆ. ಅವರಲ್ಲಿ ಎರಡನೇ ಬೇಸಿನವನ ಮತ್ತು ಅವನ ಪಕ್ಕದ ಶಾರ್ಟ್‌ಸ್ಟಾಪ್‌ನ ಕೆಲಸ ಬಲು ಕಠಿಣ. ನೆಲಕ್ಕೆ ಬಡಿದು ಬರುವ ಚೆಂಡನ್ನು ಬಾಗಿ ಹಿಡಿದು, ಅದೇ ಉಸಿರಿನಲ್ಲಿ ತಿರುಗಿ, ಓಡುವವನ ಕಾಲು ಬೇಸ್ ಮುಟ್ಟುವ ಮುನ್ನ ಅಲ್ಲಿಗೆ ಎಸೆಯಬೇಕು. ಸರಿಯಾಗಿ ಮಾಡಿದರೆ ಯಾರೂ ಗಮನಿಸುವುದಿಲ್ಲ. ತಪ್ಪಿದರೆ ಇಡೀ ಮೈದಾನ ಗಮನಿಸುತ್ತದೆ.

ಇಂಥ ಆಟಗಾರರಲ್ಲಿ ದೊಡ್ಡ ಹೆಸರು ಮಾಡುವವರು ಕೆಲವರು ಮಾತ್ರ. ಉಳಿದವರು ತಂಡದಿಂದ ತಂಡಕ್ಕೆ, ಊರಿಂದ ಊರಿಗೆ ಹೋಗುತ್ತ, ಯಾರಿಗೋ ಗಾಯವಾದಾಗ ಆಡುತ್ತ, ಉಳಿದ ದಿನ ಬೆಂಚಿನಲ್ಲಿ ಕೂರುತ್ತ ಬದುಕು ಸಾಗಿಸುವವರು. ನಮ್ಮ ದರ್ಜಿ ಅಂಗಡಿಗಳಲ್ಲಿ ಬೋರ್ಡಿನ ಮೇಲೆ ಮಾಲೀಕನ ಹೆಸರಿರುತ್ತದೆ. ಒಳಗೆ ಮಷೀನಿನ ಮುಂದೆ ಬಗ್ಗಿ ಕುಳಿತು ಹೊಲಿಯುವ ಕಾರೀಗರನ ಹೆಸರು ಗಿರಾಕಿಗೆ ಗೊತ್ತಿರುವುದಿಲ್ಲ. ಪಂಪ್ಸಿ ಗ್ರೀನ್ ಬೇಸ್‌ಬಾಲಿನ ಅಂಥ ಒಬ್ಬ ಕಾರೀಗರ. ಎಡಗೈ ಬಲಗೈ ಎರಡರಿಂದಲೂ ಬ್ಯಾಟ್ ಮಾಡಬಲ್ಲವನಾಗಿದ್ದ. ಎರಡನೇ ಬೇಸ್, ಶಾರ್ಟ್‌ಸ್ಟಾಪ್, ಎಲ್ಲಿ ನಿಲ್ಲಿಸಿದರೂ ನಿಲ್ಲುತ್ತಿದ್ದ. ಐದು ವರ್ಷಗಳಲ್ಲಿ ಮೇಜರ್ ಲೀಗಿನಲ್ಲಿ ಅವನು ಆಡಿದ ಪಂದ್ಯಗಳು 344. ಬ್ಯಾಟಿಂಗ್ ಸರಾಸರಿ .246. ಅಂದರೆ ಸಾವಿರ ಸಲ ಬ್ಯಾಟು ಬೀಸಲು ನಿಂತರೆ 246 ಸಲ ಯಶಸ್ಸು. ಮುನ್ನೂರು ಮುಟ್ಟಿದವನನ್ನು ದೊಡ್ಡ ಆಟಗಾರನೆನ್ನುತ್ತಾರೆ. ಗ್ರೀನ್ ದೊಡ್ಡವನಲ್ಲ, ಕೆಟ್ಟವನೂ ಅಲ್ಲ, ಸಾಧಾರಣ. ಈ 'ಸಾಧಾರಣ' ಎಂಬ ಪದವನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಕೊನೆಗೆ ನಾವು ಅಲ್ಲಿಗೇ ಬರಬೇಕಾಗಿದೆ.

ಬರೆದಿಡದ ಕಾನೂನು

ಕರಿಯರು ಮೇಜರ್ ಲೀಗಿನಲ್ಲಿ ಆಡಬಾರದು ಎಂದು ಯಾವ ನಿಯಮ ಪುಸ್ತಕದಲ್ಲಿಯೂ ಬರೆದಿರಲಿಲ್ಲ. 1884ರಲ್ಲಿ ಟೊಲೆಡೊ ತಂಡಕ್ಕೆ ಮೋಸಸ್ ಫ್ಲೀಟ್‌ವುಡ್ ವಾಕರ್ ಎಂಬ ಕರಿಯ ಆಟಗಾರ ಆಡಿಯೂ ಇದ್ದ. ಆನಂತರ ಮಾಲೀಕರು ತಮ್ಮ ತಮ್ಮಲ್ಲೇ ಒಂದು ತಿಳುವಳಿಕೆಗೆ ಬಂದರು. ಸಹಿಯಿಲ್ಲ, ಮೊಹರಿಲ್ಲ, ಆದರೆ ಅರವತ್ತು ವರ್ಷ ಅದು ಕಾನೂನಿಗಿಂತ ಬಿಗಿಯಾಗಿ ನಡೆಯಿತು. ಬರೆದ ಕಾನೂನನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು. ಬರೆಯದ ಕಾನೂನನ್ನು ಪ್ರಶ್ನಿಸಿದರೆ "ಅಂಥದ್ದು ನಮ್ಮಲ್ಲಿ ಎಲ್ಲಿದೆ?" ಎಂಬ ಉತ್ತರ ಸಿಗುತ್ತದೆ.

ಹೊರಗಿಟ್ಟವರು ತಮ್ಮದೇ ಅಂಗಳ ಕಟ್ಟಿಕೊಂಡರು. 1920ರಲ್ಲಿ ರೂಬ್ ಫಾಸ್ಟರ್ ಎಂಬಾತನ ಮುಂದಾಳತ್ವದಲ್ಲಿ ನೀಗ್ರೋ ನ್ಯಾಷನಲ್ ಲೀಗ್ ಹುಟ್ಟಿತು. ಸ್ಯಾಚೆಲ್ ಪೇಜ್, ಜಾಶ್ ಗಿಬ್ಸನ್‌ರಂಥ ಅದ್ಭುತ ಆಟಗಾರರು ಆ ಅಂಗಳದಲ್ಲಿ ಮಿಂಚಿದರು. ಗಿಬ್ಸನ್ 1947ರ ಜನವರಿಯಲ್ಲಿ ತೀರಿಕೊಂಡ. ಮೂರು ತಿಂಗಳ ನಂತರ ರಾಬಿನ್ಸನ್ ಮೇಜರ್ ಲೀಗಿಗೆ ಕಾಲಿಟ್ಟ. ನೀಗ್ರೋ ಲೀಗಿನ ಅಂಕಿಅಂಶಗಳನ್ನು ಮೇಜರ್ ಲೀಗ್ ತನ್ನ ಅಧಿಕೃತ ದಾಖಲೆಗಳಿಗೆ ಸೇರಿಸಿಕೊಂಡಿದ್ದು 2024ರಲ್ಲಿ. ಆಗ ಒಟ್ಟಾರೆ ಬ್ಯಾಟಿಂಗ್ ಸರಾಸರಿಯಲ್ಲಿ ಎಲ್ಲರಿಗಿಂತ ಮೇಲೆ ಬಂದು ನಿಂತದ್ದು ಇದೇ ಗಿಬ್ಸನ್‌ನ ಹೆಸರು. ಸತ್ತ ಎಪ್ಪತ್ತೇಳು ವರ್ಷಗಳ ಮೇಲೆ ಸಿಕ್ಕ ನ್ಯಾಯ!

ಬಾಸ್ಟನ್ ನಗರದ ಕಥೆ ಇನ್ನೂ ವಿಚಿತ್ರವಾದುದು. ಗುಲಾಮಗಿರಿಯ ವಿರುದ್ಧ ಮೊದಲು ದನಿಯೆತ್ತಿದ ಊರುಗಳಲ್ಲಿ ಅದೂ ಒಂದು. ವಿದ್ಯೆಗೆ, ಉದಾರ ವಿಚಾರಗಳಿಗೆ ಹೆಸರಾದ ಊರು. ಅಲ್ಲಿನ ಬಾಸ್ಕೆಟ್‌ಬಾಲ್ ತಂಡ ಸೆಲ್ಟಿಕ್ಸ್ 1950ರಲ್ಲೇ ಚಕ್ ಕೂಪರ್ ಎಂಬ ಕರಿಯ ಆಟಗಾರನನ್ನು ಆರಿಸಿಕೊಂಡಿತ್ತು. ಅದೇ ವರ್ಷ ಊರಿನ ಇನ್ನೊಂದು ಬೇಸ್‌ಬಾಲ್ ತಂಡವಾಗಿದ್ದ ಬ್ರೇವ್ಸ್ ಸ್ಯಾಮ್ ಜೆತ್ರೊ ಎಂಬುವನನ್ನು ಆಡಿಸಿತು. 1958ರ ಜನವರಿಯಲ್ಲಿ ಐಸ್ ಹಾಕಿ ತಂಡ ಬ್ರೂಯಿನ್ಸ್ ವಿಲ್ಲಿ ಓ'ರೀಯನ್ನು ಕಣಕ್ಕಿಳಿಸಿತು. ಆ ಆಟದ ಅತ್ಯುನ್ನತ ಲೀಗಿನಲ್ಲಿ ಅವನೇ ಮೊದಲ ಕರಿಯ. ಎಲ್ಲರೂ ಬದಲಾದರು, ರೆಡ್ ಸಾಕ್ಸ್ ಮಾತ್ರ ಬದಲಾಗಲಿಲ್ಲ. ಹೀಗಾಗಿ "ಊರಿನ ಜನ ಒಪ್ಪುತ್ತಿರಲಿಲ್ಲ" ಎಂಬ ನೆಪ ಇಲ್ಲಿ ನಿಲ್ಲುವುದಿಲ್ಲ. ತಪ್ಪು ಊರಿನ ಗಾಳಿಯದಲ್ಲ, ಒಂದು ಆಫೀಸಿನದು.

ರೆಡ್ ಸಾಕ್ಸ್ ತಂಡವನ್ನು 1933ರಲ್ಲಿ ಕೊಂಡವನು ಟಾಮ್ ಯಾಕಿ ಎಂಬ ಶ್ರೀಮಂತ. ಕೈಬಿಚ್ಚಿ ಖರ್ಚು ಮಾಡುತ್ತಿದ್ದ, ತನ್ನ ಆಟಗಾರರಿಗೆ ಒಳ್ಳೆಯ ಸಂಬಳ ಕೊಡುತ್ತಿದ್ದ. ಆದರೆ ಅವನ ತಂಡದಲ್ಲಿ ಇಪ್ಪತ್ತಾರು ವರ್ಷ ಒಬ್ಬನೇ ಒಬ್ಬ ಕರಿಯ ಆಟಗಾರ ಆಡಲಿಲ್ಲ. ಅವಕಾಶಗಳು ಬರಲಿಲ್ಲ ಎಂದೇನೂ ಅಲ್ಲ. ಬಾಗಿಲು ತಟ್ಟಿಕೊಂಡು ಬಂದವು.

ಮೊದಲನೆಯದು 1945ರ ಏಪ್ರಿಲ್ 16. ಭಾನುವಾರ ಬೇಸ್‌ಬಾಲ್ ಆಡಿಸಲು ಆಗ ತಂಡಗಳಿಗೆ ಬಾಸ್ಟನ್ ನಗರಸಭೆಯ ಪರವಾನಗಿ ಬೇಕಿತ್ತು. ಇಸಡೋರ್ ಮಚ್ನಿಕ್ ಎಂಬ ಯಹೂದಿ ಕೌನ್ಸಿಲರ್, ಕರಿಯರಿಗೆ ಅವಕಾಶ ಕೊಡದಿದ್ದರೆ ಪರವಾನಗಿಗೆ ಅಡ್ಡ ಬರುವುದಾಗಿ ಪಟ್ಟು ಹಿಡಿದ. ಕರಿಯರ ಪತ್ರಿಕೆಯೊಂದರ ಪತ್ರಕರ್ತ ವೆಂಡೆಲ್ ಸ್ಮಿತ್ ಮೂವರು ಆಟಗಾರರನ್ನು ಕರೆತಂದ. ಫೆನ್‌ವೇ ಪಾರ್ಕ್ ಮೈದಾನದಲ್ಲಿ ಪರೀಕ್ಷೆ ನಡೆಯಿತು. ಮೂವರೂ ಚೆನ್ನಾಗಿ ಆಡಿದರು. "ತಿಳಿಸುತ್ತೇವೆ" ಎಂದು ಹೇಳಿ ಕಳುಹಿಸಲಾಯಿತು. ತಿಳಿಸಲೇ ಇಲ್ಲ. ಆ ಮೂವರಲ್ಲಿ ಒಬ್ಬ ಜಾಕಿ ರಾಬಿನ್ಸನ್. ಇನ್ನೊಬ್ಬ, ಐದು ವರ್ಷಗಳ ನಂತರ ಪಕ್ಕದ ಬ್ರೇವ್ಸ್ ತಂಡ ಸೇರಿ ವರ್ಷದ ಶ್ರೇಷ್ಠ ಹೊಸಬ ಎಂಬ ಪ್ರಶಸ್ತಿ ಪಡೆದ ಸ್ಯಾಮ್ ಜೆತ್ರೊ. ಮೂರನೆಯವನು ಮಾರ್ವಿನ್ ವಿಲಿಯಮ್ಸ್. ಅವನಿಗೆ ಮೇಜರ್ ಲೀಗಿನ ಭಾಗ್ಯ ಕೊನೆಯವರೆಗೂ ಬರಲಿಲ್ಲ.

ಎರಡನೆಯದು ಅದಕ್ಕಿಂತ ದುಬಾರಿಯಾದ ತಪ್ಪು. ಬರ್ಮಿಂಗ್‌ಹ್ಯಾಮ್ ಊರಿನಲ್ಲಿ ವಿಲ್ಲಿ ಮೇಸ್ ಎಂಬ ಹದಿಹರೆಯದ ಹುಡುಗ ಆಡುತ್ತಿದ್ದ. ಅವನನ್ನು ನೋಡುವ, ಒಪ್ಪಂದ ಮಾಡಿಕೊಳ್ಳುವ ಅವಕಾಶ ರೆಡ್ ಸಾಕ್ಸ್‌ಗೆ ಇತ್ತು. ಬೇಡವೆಂದರು. 1950ರಲ್ಲಿ ಅವನು ಜೈಂಟ್ಸ್ ತಂಡಕ್ಕೆ ಸಹಿ ಹಾಕಿದ. ಮುಂದೆ 660 ಹೋಮ್ ರನ್ ಹೊಡೆದು ಆಟದ ಸಾರ್ವಕಾಲಿಕ ಶ್ರೇಷ್ಠರಲ್ಲಿ ಒಬ್ಬನಾದ. ದ್ವೇಷ ಮನುಷ್ಯನಿಗೆ ಎಷ್ಟು ನಷ್ಟ ಮಾಡುತ್ತದೆ ಎಂಬುದನ್ನು ಸಾಮಾನ್ಯವಾಗಿ ದ್ವೇಷಕ್ಕೆ ಗುರಿಯಾದವರ ಕಡೆಯಿಂದ ಲೆಕ್ಕ ಹಾಕುತ್ತೇವೆ. ದ್ವೇಷಿಸಿದವರ ಖಾತೆಯನ್ನೂ ಒಮ್ಮೆ ತೆರೆದು ನೋಡಬೇಕು.

ಬೇರೆ ಊರಿನ ಹಾಸಿಗೆ

ಪಂಪ್ಸಿ ಗ್ರೀನ್ ಹುಟ್ಟಿದ್ದು 1933ರ ಅಕ್ಟೋಬರ್ 27ರಂದು, ಒಕ್ಲಹೋಮಾ ರಾಜ್ಯದಲ್ಲಿ. ಬೆಳೆದದ್ದು ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಹಡಗುಕಟ್ಟೆಗಳು ದಕ್ಷಿಣದ ರಾಜ್ಯಗಳಿಂದ ಸಾವಿರಾರು ಕರಿಯ ಕುಟುಂಬಗಳನ್ನು ಸೆಳೆದಿದ್ದವು. ಮನೆಯಲ್ಲಿ ಐವರು ಗಂಡುಮಕ್ಕಳು. ಆಟ ರಕ್ತದಲ್ಲೇ ಇತ್ತು. ತಮ್ಮ ಕಾರ್ನೆಲ್ ಮುಂದೆ ಡಲ್ಲಾಸ್ ಕೌಬಾಯ್ಸ್ ತಂಡದಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಿ ಅಣ್ಣನಿಗಿಂತ ದೊಡ್ಡ ಹೆಸರು ಪಡೆದ. ಹುಡುಗ ಪಂಪ್ಸಿಯ ಕನಸು ಬಾಸ್ಟನ್ನಿನದಲ್ಲ. ಪಕ್ಕದ ಊರಿನ ಓಕ್ಲೆಂಡ್ ಓಕ್ಸ್ ತಂಡದಲ್ಲಿ ಆಡಿದರೆ ಸಾಕಾಗಿತ್ತು ಅವನಿಗೆ. ಆ ಸಂಸ್ಥೆಯ ಮೂಲಕವೇ ಅವನ ವೃತ್ತಿ ಶುರುವಾಯಿತು. 1955ರಲ್ಲಿ ಅವನ ಒಪ್ಪಂದವನ್ನು ರೆಡ್ ಸಾಕ್ಸ್ ಕೊಂಡಿತು. ಅಲ್ಲಿಂದ ಆಲ್ಬನಿ, ಒಕ್ಲಹೋಮಾ ಸಿಟಿ, ಮಿನಿಯಾಪೊಲಿಸ್ ಎಂದು ಕೆಳಹಂತದ ತಂಡಗಳಲ್ಲಿ ಒಂದೊಂದೇ ಮೆಟ್ಟಿಲು ಹತ್ತಿದ.

1959ರ ವಸಂತದಲ್ಲಿ ಮುಖ್ಯ ತಂಡದ ತರಬೇತಿಗೆ ಕರೆ ಬಂತು. ಶಿಬಿರ ನಡೆದದ್ದು ಅರಿಜೋನಾ ರಾಜ್ಯದ ಸ್ಕಾಟ್ಸ್‌ಡೇಲ್‌ನಲ್ಲಿ. ತಂಡದವರೆಲ್ಲ ಇಳಿದುಕೊಂಡ ಹೋಟೆಲಿನಲ್ಲಿ ಗ್ರೀನ್‌ಗೆ ಕೋಣೆ ಸಿಗಲಿಲ್ಲ. ಕರಿಯರಿಗೆ ಆ ಊರಿನಲ್ಲಿ ರಾತ್ರಿ ತಂಗಲು ಜಾಗವಿರಲಿಲ್ಲ. ಅವನು ದೂರದ ಫೀನಿಕ್ಸ್ ನಗರದಲ್ಲಿ ಉಳಿದುಕೊಂಡು ದಿನವೂ ಹೋಗಿ ಬರಬೇಕಾಯಿತು. ಹಗಲೆಲ್ಲ ಒಂದೇ ಮೈದಾನದಲ್ಲಿ ಒಂದೇ ಸಮವಸ್ತ್ರ ತೊಟ್ಟು ಬೆವರು ಸುರಿಸಿದವರು ಸಂಜೆ ಒಟ್ಟಾಗಿ ಊಟಕ್ಕೆ ಹೋಗುತ್ತಿದ್ದರು. ಇವನು ಒಬ್ಬನೇ ಬೇರೆ ಊರಿನ ಹಾಸಿಗೆಗೆ ಹೋಗುತ್ತಿದ್ದ. ತಂಡದ ಆಟ ಅರ್ಧದಷ್ಟು ಕಲಿಯುವುದು ಮೈದಾನದಲ್ಲಾದರೆ ಇನ್ನರ್ಧ ಊಟದ ಮೇಜಿನ ಹರಟೆಯಲ್ಲಿ. ಆ ಅರ್ಧವನ್ನು ಅವನಿಂದ ಕಸಿದುಕೊಳ್ಳಲಾಗಿತ್ತು.

ಆದರೂ ಚೆನ್ನಾಗಿ ಆಡಿದ. ಶಿಬಿರಕ್ಕೆ ಬಂದ ಪತ್ರಕರ್ತರು ಅವನನ್ನು ಮೆಚ್ಚಿ ಬರೆದರು. ಇನ್ನೇನು ತಂಡದ ಪಟ್ಟಿಯಲ್ಲಿ ಹೆಸರು ಬರಬೇಕು ಎನ್ನುವಷ್ಟರಲ್ಲಿ ಮ್ಯಾನೇಜರ್ ಪಿಂಕಿ ಹಿಗ್ಗಿನ್ಸ್ ಅವನನ್ನು ಮಿನಿಯಾಪೊಲಿಸ್‌ಗೆ ವಾಪಸು ಕಳುಹಿಸಿದ. ಇನ್ನೂ ಪಳಗಬೇಕು ಎಂಬುದು ಕೊಟ್ಟ ಕಾರಣ. ತಾನು ಇರುವವರೆಗೆ ಈ ತಂಡದಲ್ಲಿ ಕರಿಯನಿಗೆ ಜಾಗವಿಲ್ಲ ಎಂಬರ್ಥದ ಮಾತನ್ನು ಹಿಗ್ಗಿನ್ಸ್ ಹೊಲಸು ಪದ ಬಳಸಿ ಆಡಿದ್ದನೆಂದು ಬಾಸ್ಟನ್ನಿನ ಕ್ರೀಡಾ ಪತ್ರಕರ್ತ ಆಲ್ ಹರ್ಷ್‌ಬರ್ಗ್ ಮುಂದೆ ಬರೆದ.

ಈ ಸಲ ಜನ ಸುಮ್ಮನಿರಲಿಲ್ಲ. ಕರಿಯರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ಬಾಸ್ಟನ್ ಶಾಖೆ ದೂರು ನೀಡಿತು. ತಾರತಮ್ಯದ ವಿರುದ್ಧದ ಮ್ಯಾಸಚೂಸೆಟ್ಸ್ ರಾಜ್ಯ ಆಯೋಗ ವಿಚಾರಣೆ ನಡೆಸಿತು. ತಮ್ಮಲ್ಲಿ ಭೇದವೇ ಇಲ್ಲ ಎಂದು ಕ್ಲಬ್ಬಿನವರು ಹೇಳಿದರು. ಆಯೋಗ ಅವರನ್ನು ತಪ್ಪಿತಸ್ಥರೆಂದು ಸಾರಲಿಲ್ಲ. ಆದರೆ ವಿಷಯ ಬೀದಿಗೆ ಬಂದಿತ್ತು. ಇತ್ತ ಗ್ರೀನ್ ಮಿನಿಯಾಪೊಲಿಸ್‌ನಲ್ಲಿ .320ರ ಸರಾಸರಿಯಲ್ಲಿ ಬ್ಯಾಟು ಬೀಸುತ್ತಿದ್ದ. ಅತ್ತ ಬಾಸ್ಟನ್ ಸೋಲಿನ ಮೇಲೆ ಸೋಲು ಉಣ್ಣುತ್ತಿತ್ತು. ಜುಲೈ ಮೊದಲ ವಾರದಲ್ಲಿ ಹಿಗ್ಗಿನ್ಸ್ ಕುರ್ಚಿ ಹೋಯಿತು. ಅವನ ಜಾಗಕ್ಕೆ ಬಿಲ್ಲಿ ಜರ್ಜಸ್ ಬಂದ. ಆ ತಿಂಗಳು ಮುಗಿಯುವುದರೊಳಗೆ ಗ್ರೀನ್ ಶಿಕಾಗೊದಲ್ಲಿ ಬದಲಿ ಓಟಗಾರನಾಗಿ ಬೇಸಿನ ಮೇಲೆ ನಿಂತಿದ್ದ. ರಾಬಿನ್ಸನ್ ಬಂದು ಹನ್ನೆರಡು ವರ್ಷ ಕಳೆದಿದ್ದವು. ಆ ರಾಬಿನ್ಸನ್ ಆಡುವುದನ್ನೆಲ್ಲ ಆಡಿ, ನಿವೃತ್ತನೂ ಆಗಿ, ಮೂರನೇ ಋತು ನಡೆಯುತ್ತಿತ್ತು.

ಎಡಗಡೆಯ ಗೋಡೆ

ಆಗಸ್ಟ್ 4ರಂದು ಗ್ರೀನ್ ಮೊದಲ ಸಲ ತವರು ಮೈದಾನ ಫೆನ್‌ವೇ ಪಾರ್ಕಿಗೆ ಬಂದ. ಅಂದು ಟಿಕೆಟ್ಟಿಗಾಗಿ ಬಂದ ಕರಿಯ ಪ್ರೇಕ್ಷಕರು ಎಷ್ಟಿದ್ದರೆಂದರೆ, ಸೀಟುಗಳು ಸಾಲದೆ ಮೈದಾನದ ಹಿಂಭಾಗದಲ್ಲಿ ಹಗ್ಗ ಕಟ್ಟಿ ಅವರಿಗೆ ನಿಲ್ಲಲು ಜಾಗ ಮಾಡಬೇಕಾಯಿತೆಂದು ಗ್ರೀನ್ ಎಷ್ಟೋ ವರ್ಷಗಳ ಮೇಲೆ ನೆನಪಿಸಿಕೊಂಡಿದ್ದ. ಬ್ಯಾಟು ಹಿಡಿದು ಬಂದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಫೆನ್‌ವೇಯ ಎಡಗಡೆ ಮೂವತ್ತೇಳು ಅಡಿ ಎತ್ತರದ ಒಂದು ಗೋಡೆಯಿದೆ. ಅವನು ಹೊಡೆದ ಚೆಂಡು ಆ ಗೋಡೆಗೆ ಬಡಿಯಿತು. ಅವನು ಓಡಿ ಮೂರನೇ ಬೇಸ್ ತಲುಪಿದ. ಕಥೆಗಾರನಾದ ನಾನು ಇದನ್ನು ಕಥೆಯಲ್ಲಿ ಬರೆದಿದ್ದರೆ ಸಂಪಾದಕರು ಗೋಡೆಯ ಸಂಕೇತ ತೀರಾ ಢಾಳಾಯಿತೆಂದು ಹಿಂದಕ್ಕೆ ಕಳುಹಿಸುತ್ತಿದ್ದರೇನೋ. ಆದರೆ ನಡೆದದ್ದು ಹಾಗೆಯೇ.

ತಂಡದಲ್ಲಿ ಎಲ್ಲರೂ ಕೆಟ್ಟವರಾಗಿರಲಿಲ್ಲ. ಆ ಕಾಲದ ಅತಿ ದೊಡ್ಡ ಬ್ಯಾಟುಗಾರ ಟೆಡ್ ವಿಲಿಯಮ್ಸ್ ಅದೇ ತಂಡದವನು. ಪಂದ್ಯಕ್ಕೆ ಮುಂಚೆ ಕೈ ಪಳಗಿಸಲು ಇಬ್ಬಿಬ್ಬರಾಗಿ ಚೆಂಡು ಎಸೆದಾಡುವ ರೂಢಿಯುಂಟು. ವಿಲಿಯಮ್ಸ್ ತನ್ನ ಜೊತೆಗಾರನನ್ನಾಗಿ ಗ್ರೀನ್‌ನನ್ನು ಆರಿಸಿಕೊಂಡ. ಭಾಷಣ ಮಾಡಲಿಲ್ಲ, ಬೆನ್ನು ತಟ್ಟಲಿಲ್ಲ. ಸಾವಿರಾರು ಜನರ ಕಣ್ಣೆದುರು ಅವನಿಗೆ ಚೆಂಡು ಎಸೆದ, ಅವನಿಂದ ಚೆಂಡು ಹಿಡಿದ. ಇದೇ ವಿಲಿಯಮ್ಸ್ 1966ರಲ್ಲಿ ತನಗೆ ಹಾಲ್ ಆಫ್ ಫೇಮ್ ಗೌರವ ದೊರೆತಾಗ, ಅವಕಾಶ ಸಿಗದ ನೀಗ್ರೋ ಲೀಗ್ ಆಟಗಾರರಿಗೂ ಅಲ್ಲಿ ಜಾಗ ಸಿಗಬೇಕೆಂದು ಆ ವೇದಿಕೆಯಿಂದಲೇ ಕೇಳಿಕೊಂಡ. ಊರಿನಲ್ಲಿ ಗ್ರೀನ್‌ಗೆ ಆಸರೆಯಾದವನು ಬಾಸ್ಕೆಟ್‌ಬಾಲಿನ ದಿಗ್ಗಜ ಬಿಲ್ ರಸೆಲ್. ಅವನೂ ಓಕ್ಲೆಂಡ್ ಕಡೆಯಲ್ಲಿ ಬೆಳೆದವನು. ಪರ ಊರಿನಲ್ಲಿ ಒಂದೇ ಸೀಮೆಯವರು ಸಿಕ್ಕರೆ ಎಂಥ ನೆಮ್ಮದಿಯೆಂಬುದು ಹೊಟ್ಟೆಪಾಡಿಗಾಗಿ ದೂರ ಹೋದವರಿಗೆಲ್ಲ ಗೊತ್ತು.

ಗ್ರೀನ್ ಬಂದ ಒಂದೇ ವಾರದಲ್ಲಿ ಅರ್ಲ್ ವಿಲ್ಸನ್ ಎಂಬ ಕರಿಯ ಪಿಚರ್ ಕೂಡ ತಂಡ ಸೇರಿದ. ಅವನು 1962ರಲ್ಲಿ ಎದುರಾಳಿಗೆ ಒಂದೂ ಹಿಟ್ ಕೊಡದೆ ಪಂದ್ಯ ಗೆದ್ದುಕೊಟ್ಟ. 1966ರ ತರಬೇತಿ ಶಿಬಿರದ ಸಮಯದಲ್ಲಿ ಫ್ಲಾರಿಡಾದ ಬಾರೊಂದರಲ್ಲಿ ಬಣ್ಣದ ಕಾರಣಕ್ಕೆ ಅವನಿಗೆ ಸೇವೆ ನಿರಾಕರಿಸಿದರು. ಅವನು ಅದನ್ನು ಬಾಯಿಬಿಟ್ಟು ಹೇಳಿದ. ಆ ವರ್ಷದ ಜೂನ್‌ನಲ್ಲೇ ಅವನನ್ನು ಡೆಟ್ರಾಯಿಟ್ ತಂಡಕ್ಕೆ ದಾಟಿಸಲಾಯಿತು. ಮರುವರ್ಷ ಅಲ್ಲಿ ಅವನು 22 ಪಂದ್ಯ ಗೆದ್ದ. ಬಾಗಿಲು ತೆರೆದ ಮಾತ್ರಕ್ಕೆ ಮನೆಯವರ ಮನಸ್ಸು ತೆರೆಯುವುದಿಲ್ಲ.

ಇತ್ತ ಗ್ರೀನ್ 1960ರಲ್ಲಿ 133 ಪಂದ್ಯ ಆಡಿದ. ಅವನ ವೃತ್ತಿಯ ತುಂಬು ವರ್ಷ ಅದೊಂದೇ. ಆ ವರ್ಷದ ನಡುವೆ ಹಿಗ್ಗಿನ್ಸ್ ಮತ್ತೆ ಮ್ಯಾನೇಜರಾಗಿ ಬಂದ! ತನ್ನನ್ನು ಹಿಂದಕ್ಕೆ ಕಳುಹಿಸಿದವನ ಕೈಕೆಳಗೇ ಆಡಬೇಕಾಯಿತು. 1961ರಲ್ಲಿ ಚೆನ್ನಾಗಿ ಶುರು ಮಾಡಿದ್ದ. ಮೇ ತಿಂಗಳಲ್ಲಿ ಅಪೆಂಡಿಕ್ಸ್ ಕೈಕೊಟ್ಟು ಆಸ್ಪತ್ರೆ ಸೇರಿದ. ಹಿಂದಿರುಗುವಷ್ಟರಲ್ಲಿ ಜಾಗ ಬೇರೆಯವರದಾಗಿತ್ತು. ಆ ವರ್ಷದ .260 ಸರಾಸರಿ ಮತ್ತು ಆರು ಹೋಮ್ ರನ್ ಬಾಸ್ಟನ್ನಿನಲ್ಲಿ ಅವನ ಅತ್ಯುತ್ತಮ ಸಾಧನೆ.

1962ರ ಜುಲೈನಲ್ಲಿ ನಗೆಪಾಟಲಿನ ಘಟನೆಯೊಂದು ನಡೆಯಿತು. ನ್ಯೂಯಾರ್ಕಿನಲ್ಲಿ ಪಂದ್ಯ ಸೋತು ಹೊರಟ ತಂಡದ ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿತು. ಜೀನ್ ಕಾನ್ಲಿ ಎಂಬ ಬಿಳಿಯ ಪಿಚರ್ ಮತ್ತು ಗ್ರೀನ್ ಶೌಚಾಲಯ ಹುಡುಕಿಕೊಂಡು ಇಳಿದರು. ಬಸ್ಸು ಹೊರಟುಹೋಯಿತು. ಇಬ್ಬರೂ ನಗರದಲ್ಲಿ ಉಳಿದು ಕುಡಿದರು. ಗ್ರೀನ್ ಬೇಗನೆ ತಂಡಕ್ಕೆ ಮರಳಿದ. ಕಾನ್ಲಿ ಮಾತ್ರ ಪಾಸ್‌ಪೋರ್ಟಿಲ್ಲದೆ ಇಸ್ರೇಲಿಗೆ ವಿಮಾನ ಹತ್ತಲು ಹೋಗಿ ಸುದ್ದಿಯಾದ. ಇಬ್ಬರಿಗೂ ದಂಡ ಬಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಗ್ರೀನ್‌ನನ್ನು ನ್ಯೂಯಾರ್ಕ್ ಮೆಟ್ಸ್ ತಂಡಕ್ಕೆ ಸಾಗಹಾಕಿದರು. ಹುಟ್ಟಿದ ಮೊದಲ ವರ್ಷವೇ 120 ಪಂದ್ಯ ಸೋತಿದ್ದ ತಂಡ ಅದು. ಅಲ್ಲಿಯೂ 1963ರಲ್ಲಿ 17 ಪಂದ್ಯಗಳಷ್ಟೇ ಸಿಕ್ಕವು. ಮತ್ತೆ ಕೆಳಹಂತದ ಲೀಗುಗಳು, ಮತ್ತೆ ಊರೂರು. ಕೆಲವು ವರ್ಷಗಳಲ್ಲಿ ಆಟ ಮುಗಿಯಿತು.

ಸಾಧಾರಣನಾಗಿರುವ ಹಕ್ಕು

"ಅಷ್ಟೇನೂ ದೊಡ್ಡ ಆಟಗಾರನಲ್ಲ, ಅವನ ಬಗ್ಗೆ ಬರೆಯುವುದೇನಿದೆ?" ಎಂದು ಯಾರಾದರೂ ಕೇಳಬಹುದು. ಬರೆಯಬೇಕಾದದ್ದು ಅಲ್ಲಿಯೇ ಇದೆ. ಜಾಕಿ ರಾಬಿನ್ಸನ್ ಅಸಾಧಾರಣ ಪ್ರತಿಭಾವಂತ. ಅಂಥವನನ್ನು ಒಳಗೆ ಬಿಟ್ಟುಕೊಂಡರೆ ಮಾಲೀಕನಿಗೆ ಲಾಭ, ಪಂದ್ಯಕ್ಕೆ ಗೆಲುವು. ಸಮಾನತೆಯ ಮಾತು ಹಾಗಿರಲಿ, ಲೆಕ್ಕದ ಪುಸ್ತಕ ಓದಬಲ್ಲವನು ಆ ಕೆಲಸ ಮಾಡುತ್ತಾನೆ. ಆದರೆ ತಂಡದ ಬೆಂಚಿನಲ್ಲಿ ಕೂರುವ ಇಪ್ಪತ್ತನೆಯ, ಇಪ್ಪತ್ತೊಂದನೆಯ ಆಟಗಾರ ಯಾರು? ಸಾಧಾರಣವಾಗಿ ಆಡುವ ಬಿಳಿಯನಿಗೆ ಆ ಜಾಗ ಯಾವತ್ತೂ ಇತ್ತು. ರೆಡ್ ಸಾಕ್ಸ್ ಆ ಹನ್ನೆರಡು ವರ್ಷಗಳಲ್ಲಿ .246 ಅಥವಾ ಅದಕ್ಕಿಂತ ಕಡಿಮೆ ಸರಾಸರಿಯ ಎಷ್ಟೋ ಬಿಳಿಯರನ್ನು ಆಡಿಸಿತು, ಸಂಬಳ ಕೊಟ್ಟು ಸಾಕಿತು. ಅವರು ಸಾಧಾರಣರಾಗಿದ್ದಕ್ಕೆ ಬಿಳಿಯ ಜನಾಂಗವನ್ನು ಯಾರೂ ದೂರಲಿಲ್ಲ. ಸಾಧಾರಣ ಕರಿಯನಿಗೆ ಆ ಬೆಂಚಿನ ಮೇಲೆ ಜಾಗ ಸಿಗುವ ದಿನವೇ ನಿಜವಾದ ಸಮಾನತೆಯ ದಿನ. ಆ ಅರ್ಥದಲ್ಲಿ ಪಂಪ್ಸಿ ಗ್ರೀನ್ ಬಂದ ದಿನ ರಾಬಿನ್ಸನ್ ಬಂದ ದಿನಕ್ಕಿಂತ ಚಿಕ್ಕದೇನಲ್ಲ.

ಆದರೆ ಆ ಸಾಧಾರಣತೆಯ ಸುಖವೂ ಅವನಿಗೆ ಪೂರ್ತಿ ದಕ್ಕಲಿಲ್ಲ. ಬೇರೆಯವರು ಚೆಂಡು ಬಿಟ್ಟರೆ ಒಬ್ಬ ಆಟಗಾರ ಬಿಟ್ಟಂತೆ. ಇವನು ಬಿಟ್ಟರೆ ಒಂದು ಜನಾಂಗವೇ ಬಿಟ್ಟಂತೆ. ತಾನು ಹೋರಾಟಗಾರನಾಗಲು ಬಂದವನಲ್ಲ, ಬೇಸ್‌ಬಾಲ್ ಆಡಲು ಬಂದವನು ಎಂಬ ಅರ್ಥದ ಮಾತನ್ನು ಗ್ರೀನ್ ಬಹಳ ಸಲ ಹೇಳಿದ್ದಾನೆ. ಇದನ್ನು ಹೇಡಿತನವೆಂದು ತಿಳಿಯಬಾರದು. ಎಲ್ಲರಂತೆ ಬಂದು ಎಲ್ಲರಂತೆ ಕೆಲಸ ಮಾಡಿ ಮನೆಗೆ ಹೋಗುವ ಭಾಗ್ಯವನ್ನು ಕೇಳುವುದು ಬಹಳ ದೊಡ್ಡದನ್ನು ಕೇಳಿದಂತೆ.

ಇದು ನನಗೆ ಓದಿ ತಿಳಿದದ್ದಷ್ಟೇ ಅಲ್ಲ. ಉರ್ದು ಶಾಲೆಯಲ್ಲಿ ಓದಿ ಕನ್ನಡ ಹೈಸ್ಕೂಲಿಗೆ ಸೇರಿದ ಮೊದಲ ವಾರ ನನ್ನನ್ನು ಎಬ್ಬಿಸಿ ಪದ್ಯ ಓದಿಸಿದರು. ಒಂದು ಒತ್ತಕ್ಷರ ತಪ್ಪಿತು. ಪಕ್ಕದ ಹುಡುಗ ನನಗಿಂತ ಹೆಚ್ಚು ತಪ್ಪಿದ್ದ. ಅವನಿಗೆ "ಸರಿಯಾಗಿ ಓದೋ" ಎಂದರು. ನನಗೆ "ನಿಮ್ಮವರಿಗೆ ಇದು ಬರುವುದಿಲ್ಲ" ಎಂದರು. ಆ ಮೇಷ್ಟ್ರು ಕೆಟ್ಟವರಲ್ಲ, ಮುಂದೆ ನನ್ನ ಮೊದಲ ಕಥೆಯನ್ನು ತಿದ್ದಿಕೊಟ್ಟವರೂ ಅವರೇ. ಆದರೆ ಅಂದು ಒಂದು ಒತ್ತಕ್ಷರದ ಜೊತೆಗೆ ಇಡೀ ಕೌಮಿನ ಇಜ್ಜತ್ತನ್ನು ಹೊತ್ತು ನಿಂತ ಹುಡುಗನ ಕಾಲು ನಡುಗಿದ್ದು ನನಗೆ ಇಂದಿಗೂ ನೆನಪಿದೆ. ಫೆನ್‌ವೇಯ ಎರಡನೇ ಬೇಸಿನಲ್ಲಿ ಬಾಗಿ ನಿಂತ ಗ್ರೀನ್‌ನನ್ನು ನೆನೆದಾಗಲೆಲ್ಲ ನನಗೆ ಆ ಕಾಲುಗಳೇ ಕಾಣುತ್ತವೆ.

ಆಟ ಮುಗಿದ ಮೇಲೆ

ಆಟ ಬಿಟ್ಟ ಮೇಲೆ ಗ್ರೀನ್ ಕ್ಯಾಲಿಫೋರ್ನಿಯಾಕ್ಕೆ ಮರಳಿದ. ಬರ್ಕ್ಲಿ ಹೈಸ್ಕೂಲಿನಲ್ಲಿ ಕೆಲಸಕ್ಕೆ ಸೇರಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಬೇಸ್‌ಬಾಲ್ ಕಲಿಸಿದ. ಬೇಸಿಗೆ ತರಗತಿಗಳಲ್ಲಿ ಗಣಿತ ಹೇಳಿಕೊಟ್ಟ. ಸಮೀಪದ ಎಲ್ ಸೆರಿಟೊದಲ್ಲಿ ಹೆಂಡತಿಯೊಂದಿಗೆ ಸದ್ದಿಲ್ಲದ ಸಂಸಾರ ನಡೆಸಿದ. ಚರಿತ್ರೆ ಅವನನ್ನು ಮರೆತಿತ್ತು. ಅವನೂ ಚರಿತ್ರೆಯ ಬಾಗಿಲಿಗೆ ಹೋಗಿ ಕೂಗಲಿಲ್ಲ.

ಐವತ್ತು ವರ್ಷ ತುಂಬಿದಾಗ ಬಾಸ್ಟನ್ನಿಗೆ ನೆನಪಾಯಿತು. 2009ರ ಏಪ್ರಿಲ್ 17ರಂದು ಅವನನ್ನು ಫೆನ್‌ವೇ ಪಾರ್ಕಿಗೆ ಕರೆಸಿ ಪಂದ್ಯದ ಮೊದಲ ಚೆಂಡನ್ನು ಎಸೆಯುವ ಗೌರವ ಕೊಟ್ಟರು. ಅಷ್ಟರಲ್ಲಿ ತಂಡದ ಆಡಳಿತ ಬೇರೆಯವರ ಕೈಗೆ ಬಂದಿತ್ತು. ಮೈದಾನದ ಎದುರಿನ ಬೀದಿಗೆ ಹಳೆಯ ಮಾಲೀಕ ಯಾಕಿಯ ಹೆಸರನ್ನು 1977ರಲ್ಲಿ ಇಡಲಾಗಿತ್ತು. ಆ ಹೆಸರು ವರ್ಣಭೇದದ ನೆನಪು ತರುತ್ತದೆಂದು ಈಗಿನ ಮಾಲೀಕರೇ ನಗರಾಡಳಿತಕ್ಕೆ ಅರ್ಜಿ ಹಾಕಿದರು. 2018ರಲ್ಲಿ ಬೀದಿಗೆ ಅದರ ಹಳೆಯ ಹೆಸರು ಜರ್ಸಿ ಸ್ಟ್ರೀಟ್ ಮರಳಿತು. ಯಾಕಿ ಪ್ರತಿಷ್ಠಾನ ಆಸ್ಪತ್ರೆಗಳಿಗೆ, ಬಡವರಿಗೆ ಮಾಡಿದ ದಾನಗಳನ್ನು ಎತ್ತಿ ತೋರಿಸಿ ವಿರೋಧಿಸಿದವರೂ ಇದ್ದರು. ಆ ದಾನಗಳು ಸುಳ್ಳಲ್ಲ. ಆದರೆ ದಾನ ಕೊಡುವ ಕೈ ಬೇರೆ, ಪಕ್ಕದಲ್ಲಿ ಕೂರಲು ಜಾಗ ಕೊಡುವ ಮನಸ್ಸು ಬೇರೆ. ಮೊದಲನೆಯದು ಇದ್ದು ಎರಡನೆಯದು ಇಲ್ಲದವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ಬೀದಿಯ ಹೆಸರು ಬದಲಾದುದನ್ನು ಕಂಡು ಒಂದು ವರ್ಷ ಬದುಕಿದ್ದು, 2019ರ ಜುಲೈ 17ರಂದು ಪಂಪ್ಸಿ ಗ್ರೀನ್ ತೀರಿಕೊಂಡ. ಎಂಬತ್ತೈದು ವರ್ಷವಾಗಿತ್ತು. ಅಂದು ಫೆನ್‌ವೇಯಲ್ಲಿ ಪಂದ್ಯಕ್ಕೆ ಮುನ್ನ ಜನ ಎದ್ದು ಮೌನವಾಗಿ ನಿಂತರು. ಆ ಮೌನದ ಹೊತ್ತಿನಲ್ಲಿ ತಂಡದ ಬೆಂಚಿನಲ್ಲಿ ಬೇರೆ ಬೇರೆ ಬಣ್ಣದ, ಬೇರೆ ಬೇರೆ ಭಾಷೆಯ ಆಟಗಾರರಿದ್ದರು. ಅವರಲ್ಲಿ ಕೆಲವರು ದೊಡ್ಡ ತಾರೆಗಳು, ಉಳಿದವರು ಸಾಧಾರಣ ಆಟಗಾರರು. ಚೆಂಡು ಬಿಟ್ಟರೆ ಆ ಸಾಧಾರಣರನ್ನೂ ಜನ ಬೈಯುತ್ತಾರೆ, ಆದರೆ ಅವರನ್ನಷ್ಟೇ ಬೈಯುತ್ತಾರೆ.